ಕಾರಣ ಕೇಳುವ ನೋಟೀಸಿಗೆ ಉತ್ತರ

ಶಾಂತಿನಗರ ಬಸ್ ನಿಲ್ದಾಣದ ಹಿಂದೆ, ಜೆರಾಕ್ಸ್ ಅಂಗಡಿಯ ತಗಡಿನ ನೆರಳಲ್ಲಿ
ನನ್ನ ಮೇಜು, ನನ್ನ ಯಂತ್ರ, ಪುಟಕ್ಕೆ ಮೂವತ್ತು ರೂಪಾಯಿ.
ಕಂಪ್ಯೂಟರು ಬಂದ ಮೇಲೂ ಕೆಲವರಿಗೆ
ಅಕ್ಷರ ಕಾಗದಕ್ಕೆ ಬಡಿದ ಸದ್ದು ಕೇಳಿದರೇ ನಂಬಿಕೆ.

ಚಿಕ್ಕತಾಯಮ್ಮ ಬಂದರು ಬೆಳಗಿನ ಪಾಳಿ ಮುಗಿಸಿ,
ಖಾಕಿಯ ಮೇಲೆ ಸ್ವೆಟರು, ಚಿಲ್ಲರೆ ಎಣಿಸಿ ಕಪ್ಪಾದ ಬೆರಳು.
ನೋಟೀಸು ಚಾಚಿದರು:
ನಾಯಂಡಹಳ್ಳಿಯ ಪೆಟ್ರೋಲ್ ಬಂಕಿನ ಮುಂದೆ
ಹನ್ನೊಂದು ನಿಮಿಷ ಗಾಡಿ ನಿಲ್ಲಿಸಿದ್ದೇಕೆ,
ಏಳು ದಿನದೊಳಗೆ ಸಮಜಾಯಿಷಿ ನೀಡತಕ್ಕದ್ದು.

"ಬೆಳಿಗ್ಗೆ ಐದೂವರೆ. ಕಸ ಗುಡಿಸೋ ಪಾಪಕ್ಕ, ದಿನಾ ನನ್ನ ಬಸ್ಸೇ.
ಕಿವಿ ಹತ್ರ ಬಂದು ಒಂದು ಮಾತು ಹೇಳಿದ್ಲು.
ಬಂಕಲ್ಲಿ ಕಕ್ಕಸಿತ್ತು. ಬೀಗ ಹಾಕಿತ್ತು.
ಬೀಗದ ಕೈ ಇದ್ದೋನು ಮಲಗಿದ್ದ. ಅಷ್ಟೇ."

ಹಾಳೆ ಏರಿಸಿದೆ, ಕಾರ್ಬನ್ ಇಟ್ಟೆ.
'ಸದರಿ ವಿಳಂಬವು' ಎಂದು ಹೊಡೆದು
ನಿಂತೆ.

ಸಮರ್ಥನೀಯ?
ಅರ್ಕಾವತ್ತಿನ ಅಚ್ಚು ಮುರಿದು ನಾಲ್ಕು ವರ್ಷ.
ಆ ಜಾಗಕ್ಕೆ ಕನ್ನಡದ ಒಂಬತ್ತನ್ನೇ ಕೂರಿಸುತ್ತೇನೆ;
ಇನ್ನೂ ಯಾರೂ ಕಂಡುಹಿಡಿದಿಲ್ಲ. ಆದರೂ
ಪದದ ನಡುವೆ ಸುಳ್ಳು ಲೆಕ್ಕ ಕೂತಂತೆ ನನಗೆ ಕಸಿವಿಸಿ.

ನ್ಯಾಯಸಮ್ಮತ ಅಂದರೆ ಡಿಪೋದವರು ವಕೀಲರನ್ನು ಕರೆಸುತ್ತಾರೆ.
ಸಮಂಜಸ, ಮೇಲಿನವರು ಕೆಳಗಿನವರಿಗೆ ಬರೆಯುವ ಮಾತು,
ಅದೂ ಬಾಲಕ್ಕೊಂದು 'ಅಲ್ಲ' ಕಟ್ಟಿ.
ಯುಕ್ತ, ತೀರಾ ಗಿಡ್ಡ. ಸಾಧು ಎಂದರೆ ಹಸು ನೆನಪಾಗುತ್ತದೆ.
ಕ್ಷಮಾರ್ಹ ಎನ್ನಲು ಮೊದಲು ತಪ್ಪೊಪ್ಪಬೇಕು,
ಅಲ್ಲದೆ ಅಲ್ಲಿಯೂ ಆ ಒಂಬತ್ತು.
ಸಕಾರಣ ಎನ್ನಲೇ?
ಅದರ ಬೆನ್ನಿಗೇ ನಿಂತಿವೆ ಅದೇ ಓಣಿಯ ಬಡ ನೆಂಟರು,
ನೆಪ, ನೆವ, ಸಬೂಬು,
ಬಾಗಿಲು ತೆರೆದರೆ ಒಟ್ಟಿಗೇ ನುಗ್ಗುತ್ತಾರೆ.

ಈ ಬೆರಳುಗಳೇ ಅಲ್ಲವೇ ಹೊಡೆದದ್ದು
ರಾಜಕಾಲುವೆಯ ಮೇಲೆದ್ದ ಗೋಡೆ ಸಕಾರಣ ಎಂದು,
ಗುಡಿಸಲು ಕೆಡವಿದ್ದು ನ್ಯಾಯಸಮ್ಮತ ಎಂದು,
ಎಪ್ಪತ್ತು ವರ್ಷದ ಮರ ಒಂದೇ ರಾತ್ರಿ ಮಲಗಿದ್ದು
ಸಮರ್ಥನೀಯ ಎಂದು, ಒಂಬತ್ತು ಹಾಕಿಯೇ.
ಆಗ ಯಂತ್ರ ಎಲ್ಲೂ ತಡವರಿಸಲಿಲ್ಲ.
ನಾನೂ.

"ಏನ್ ದಸ್ತಗೀರ್ ಸಾಬ್ರೇ, ನಿದ್ದೆ ಬಂತಾ?"
ಪದಗಳನ್ನು ಒಂದೊಂದಾಗಿ ಓದಿ ಹೇಳಿದೆ.
ನಕ್ಕರು. "ಇಷ್ಟೂ ಜನ ಹತ್ತಿದ್ರೆ ಬಸ್ಸಲ್ಲಿ ಜಾಗ ಎಲ್ಲಿ?
ಬರ್ಕೊಳ್ಳಿ. ಅವಳಿಗೆ ಅವಸರವಾಗಿತ್ತು. ಬಸ್ಸು ನಿಲ್ಲಿಸಿದೆ."
"ಉಳಿದ ಪ್ರಯಾಣಿಕರು?"
"ಒಬ್ಬ ಗೊಣಗಿದ. ಇನ್ನಿಬ್ಬರು ಹೆಂಗಸರು
ಏನೂ ಹೇಳದೆ ಅವಳ ಹಿಂದೇ ಇಳಿದರು."
"ಅದನ್ನೂ ಹಾಕಲೇ?"
ಅವರು ರಸ್ತೆಯ ಕಡೆ ನೋಡಿದರು. "ಹಾಕಿ."

ಹಾಳೆ ಬದಲಿಸಲಿಲ್ಲ. 'ಸದರಿ ವಿಳಂಬವು' ಇದ್ದಲ್ಲಿ
ಸಾಲುಸಾಲು ಗೀಟು ಹೊಡೆದು ಮುಚ್ಚಿದೆ. ಕೆಳಗೆ:
ಅವಳಿಗೆ ಅವಸರವಾಗಿತ್ತು. ಬಸ್ಸು ನಿಲ್ಲಿಸಿದೆ.
ಇನ್ನಿಬ್ಬರು ಹಿಂದೇ ಇಳಿದರು.
ಮೂವರೂ ಬಂದ ಮೇಲೆ ಹೊರಟೆ.
ಅಷ್ಟಕ್ಕೂ ಒಂದೇ ಒಂದು ಅರ್ಕಾವತ್ತು ಬೇಕಾಗಲಿಲ್ಲ.
ಸಹಿಯ ಕೆಳಗೆ ನಿರ್ವಾಹಕಿ ಎನ್ನುವಾಗ ಮಾತ್ರ
ಒಂಬತ್ತನ್ನು ಕರೆದೆ.

"ನಾಲ್ಕು ಸಾಲಿಗೆ ಮೂವತ್ತಾ?"
"ವಾಜಬಿ ರೇಟು," ಎಂದೆ, ಅಬ್ಬಾ ಇದೇ ಮೇಜಿನಲ್ಲಿ ಕೂತು
ಅನ್ನುತ್ತಿದ್ದ ಪದ. ಆಗಲೇ ಹೊಳೆದಿದ್ದರೆ!
ಐವತ್ತರ ನೋಟು ಕೊಟ್ಟರು. ನನ್ನ ಡಬ್ಬಿಯಲ್ಲಿ ಹದಿನೈದೇ ಚಿಲ್ಲರೆ.
ಕಾರ್ಬನ್ ಪ್ರತಿಯನ್ನು ತಿರುವಿ ಹಾಕಿ
ನನ್ನದೇ ಪೆನ್ನು ಮುಂದೆ ಹಿಡಿದರು:
"ಹಿಂದೆ ಬರ್ಕೊಡಿ, ಐದು ಬಾಕಿ ಅಂತ.
ಇಳಿಯೋವಾಗ ಇಸ್ಕೊಳ್ತೀನಿ."