ಹದಿನಾರನೆಯ ಅಕ್ಷರ

ಗಾಡಿಕೊಪ್ಪದ ಸಾಮಿಲ್ಲಿನ ಆಫೀಸೆಂದರೆ
ಎರಡು ಟೇಬಲ್ಲು, ಒಂದು ಕಬ್ಬಿಣದ ಬೀರು,
ಕೀಬೋರ್ಡಿನ ಸಂದಿಗೆಲ್ಲ ಹೊನ್ನೆಮರದ ಹುಡಿ.
ಬಾಯಲ್ಲಿ ಊದಿದೆ. ಮೊದಲ ಚಿಕಿತ್ಸೆ ಅದೇ.

ಮ್ಯಾನೇಜರ್ ಗುತ್ಯಪ್ಪನವರು ಸ್ಟೂಲು ಎಳೆದುಕೊಟ್ಟು,
'ನೋಡಮ್ಮ ರಿಹಾನಾ, ಹಳೇ ಕಂಪ್ಯೂಟರಿನಲ್ಲಿ
ಬ್ರೌಸರ್ ತೆಗೆದು ಹೊಡೆದರೆ ಒಳಗೆ ಬಿಡುತ್ತೆ.
ಹೊಸದರಲ್ಲಿ ನಿಮ್ಮಂಗಡಿ ಹುಡುಗ ಹಾಕಿಹೋದ ಮೇಲ್ ಪ್ರೋಗ್ರಾಮು
ಅದೇ ಪಾಸ್‌ವರ್ಡಿಗೆ ತಪ್ಪು ತಪ್ಪು ಅನ್ನುತ್ತೆ.
ಒಂದೇ ಬೀಗ, ಒಂದೇ ಕೀ,
ಮುಂಬಾಗಿಲು ತೆರೆದು ಹಿತ್ತಿಲ ಬಾಗಿಲು ತೆರೆಯೊಲ್ಲ ಅಂದರೆ?'

ಕ್ಯಾಪ್ಸ್ ಲಾಕ್ ನೋಡಿದೆ. ಪೋರ್ಟ್ ನಂಬರು ನೋಡಿದೆ.
ಸರ್ವರಿನ ಹೆಸರಲ್ಲಿ ಚುಕ್ಕಿ ಬಿಟ್ಟುಹೋಗಿದೆಯೇ,
ಕನ್ನಡ ಕೀಲಿಮಣೆ ಹೇಳದೆ ಕೇಳದೆ ಬಂದು ಕೂತಿದೆಯೇ, ನೋಡಿದೆ.
ಆಚೆ ಗರಗಸ ಒಂದು ದಿಮ್ಮಿ ಮುಗಿಸಿ ಇನ್ನೊಂದಕ್ಕೆ ಬಾಯಿ ಹಾಕಿತ್ತು.
ಆ ಸದ್ದಿನಲ್ಲೇ ಕೂಗಿ ಕೇಳಿದೆ:
'ಪಾಸ್‌ವರ್ಡ್ ಎಷ್ಟು ಉದ್ದ ಇದೆ ಸಾರ್?'

ಬೆರಳು ಮಡಿಸಿ ಎಣಿಸಿದರು, ಎರಡು ಸಲ ತಪ್ಪಿದರು.
ಇಪ್ಪತ್ಮೂರು.
ಒಂದು ಇಡೀ ವಾಕ್ಯವಂತೆ. ಕನ್ನಡದ್ದೇ, ಇಂಗ್ಲಿಷ್ ಅಕ್ಷರದಲ್ಲಿ.
ಏನೆಂದು ಹೇಳಲಿಲ್ಲ. ಕೇಳುವುದು ನನ್ನ ಕಸುಬಿಗೆ ಸಲ್ಲ.

ಕೆಲವು ಸರ್ವರುಗಳಿಗೆ ಈ ಚಾಳಿ ಇದೆ:
ಉದ್ದ ಹೆಚ್ಚಾಯಿತು ಎಂದು ಬಾಯಿಬಿಟ್ಟು ಹೇಳುವುದಿಲ್ಲ,
ಹಿಡಿಸಿದಷ್ಟು ಇಟ್ಟುಕೊಂಡು
ಉಳಿದದ್ದನ್ನು ಸದ್ದಿಲ್ಲದೆ ಕತ್ತರಿಸುತ್ತವೆ.
ಬ್ರೌಸರಿನ ಪುಟವೂ ಅಷ್ಟಕ್ಕೇ ಕತ್ತರಿಸಿ ಕೊಡುವುದರಿಂದ ಲೆಕ್ಕ ತಾಳೆ.
ಹೊಸ ಪ್ರೋಗ್ರಾಮು ಪ್ರಾಮಾಣಿಕ, ಪೂರ್ತಿ ಒಯ್ದು ಒಪ್ಪಿಸುತ್ತದೆ,
ಬಾಗಿಲಲ್ಲೇ ನಿಲ್ಲುತ್ತದೆ.

'ಕೊನೆಯಿಂದ ಒಂದೊಂದೇ ಅಕ್ಷರ ಬಿಡುತ್ತ ಬನ್ನಿ' ಅಂದು
ಕಿಟಕಿಗೆ ಮುಖ ಮಾಡಿ ನಿಂತೆ.
ಇಪ್ಪತ್ತೆರಡು. ತಪ್ಪು.
ಇಪ್ಪತ್ತೊಂದು. ತಪ್ಪು.
ಇಪ್ಪತ್ತು, ಹತ್ತೊಂಬತ್ತು,
ಹದಿನೆಂಟಕ್ಕೆ ಸರ್ವರೇ ಮುನಿದು ಕಾಲು ಗಂಟೆ ಕದ ಹಾಕಿತು.

ಟೀ ಬಂತು.
ಗುತ್ಯಪ್ಪನವರ ಬಲಗೈ ತಾನಾಗಿ ಅಂಗಿ ಜೇಬಿಗೆ ಹೋಗಿ
ಅಲ್ಲಿ ಪೆನ್ನು ಮಾತ್ರ ಸಿಕ್ಕಿ
ವಾಪಸ್ಸು ಬಂತು.

ಹದಿನೇಳು. ತಪ್ಪು.
ಹದಿನಾರು.
ಬುಳುಬುಳು ಇಳಿದವು ನಲವತ್ತೊಂದು ಮೇಲು:
ಚನ್ನಗಿರಿಯ ಬಾಗಿಲ ಚೌಕಟ್ಟಿನ ಆರ್ಡರು,
ಬೈಂದೂರಿನ ದೋಣಿಯವರ ಹಲಗೆ ವಿಚಾರ,
ಲಾರಿ ಬಾಡಿಗೆ ಬಾಕಿ, ಲಾರಿ ಬಾಡಿಗೆ ಬಾಕಿ,
ಲಾರಿ ಬಾಡಿಗೆ ಬಾಕಿ, ಮೂರನೇ ನೆನಪು.

ಅವರು ಮೇಲು ನೋಡುತ್ತಿರಲಿಲ್ಲ.
ನನ್ನ ಬಿಲ್ಲಿನ ಬೆನ್ನಿಗೆ ಏನೋ ಬರೆದು,
ಹದಿನಾರರ ಪಕ್ಕ ಗೀಟು ಎಳೆದು,
ಇಡೀ ಮೈ ಕುಲುಕಿ ನಕ್ಕು, ತಿರುಗಿಸಿ ಹಿಡಿದರು:
ಇನ್ನು ಮೇಲೆ ಬೀಡಿ ಸೇದು
ಗೀಟಿನ ಆಚೆ ಇಂಗ್ಲಿಷಿನ ಏಳು ಅಕ್ಷರ: ವುದಿಲ್ಲ.

'ಮೆಗ್ಗಾನಿನ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದ ದಿನ ಇಟ್ಟದ್ದು.
ಎರಡು ವರ್ಷ, ದಿನಾ ಬೆಳಗ್ಗೆ ಒಂಬತ್ತಕ್ಕೆ
ಪೂರ್ತಿ ಹೊಡೆದಿದ್ದೇನೆ ತಾಯೀ.
ಅದು ಕೇಳಿಸಿಕೊಂಡದ್ದು ಇಷ್ಟೇನಾ?'

ನಮ್ಮ ನುಡಿಯಲ್ಲಿ 'ಇಲ್ಲ' ಬರುವುದು ಕಟ್ಟಕಡೆಗೆ.
ಅರ್ಧಕ್ಕೆ ಎದ್ದುಹೋಗುವವರಿಗೆ
ಎಲ್ಲ ಮಾತೂ ಹೌದೇ.

'ಮತ್ತೆ, ಸೇದಿದಿರಾ?'
'ಛೆ. ಇಲ್ಲ.'
ಗರಗಸ ನಿಂತಿತ್ತು. ಅಷ್ಟು ನಿಶ್ಶಬ್ದದಲ್ಲಿ
ಅವರಿಗೇ ತಡೆಯಲಾಗಲಿಲ್ಲ:
'ಆಯುಧಪೂಜೆಗೊಂದು.
ಅದನ್ನ ಸರ್ವರಿನ ಲೆಕ್ಕಕ್ಕೆ ಬರಕೊಳ್ಳಿ.'

ಹೊಸದು ಹದಿನಾರರ ಒಳಗಿರಲಿ ಎಂದೆ,
'ಬೇಡ'ವನ್ನು ಈ ಸಲ ಮುಂದಕ್ಕೆ ತನ್ನಿ ಎಂದೆ,
ಮತ್ತೆ ಕಿಟಕಿಗೆ ತಿರುಗಿದೆ.
ಹೊಡೆದರು, ಅಳಿಸಿದರು, ಹೊಡೆದರು.

ಬೇರೆ ಹಾಳೆ ಹರಿದು ಬಿಲ್ಲು ಬರೆದೆ: ಇನ್ನೂರೈವತ್ತು.
ದೋಷ ಏನೆಂಬ ಕಲಮಿನಲ್ಲಿ: ಉದ್ದ.
ಮೊದಲಿನ ಹಾಳೆಯನ್ನು ಅವರು ನಾಲ್ಕು ಮಡಿಕೆ ಮಾಡಿ
ಜೇಬಿಗಿಟ್ಟುಕೊಂಡರು, ಪೆನ್ನಿನ ಪಕ್ಕ.