ನಾಳೆಯಾಣ್

ಮೊದಲು ಹೋದದ್ದು ಬಲಗೈಯ ಹೆಬ್ಬೆರಳು.
ಉಪ್ಪಳದ ಮೀನು ಮಾರ್ಕೆಟಿನ ಎದುರು ಮೂವತ್ತೊಂದು ವರ್ಷ
ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ
ಊರವರ ವಾಚುಗಳ ಹೊಟ್ಟೆ ಬಿಚ್ಚಿದವನು ನಾನು.
ಒಂದು ಬೆಳಿಗ್ಗೆ ಚಿಮಟದ ತುದಿಯಿಂದ ತಿರುಪು ಹಾರಿತು.
ಹುಡುಕಲು ಬಗ್ಗಿದೆ: ನೆಲದ ಮೇಲೆ ನನ್ನ ಕೈ,
ಯಾರದೋ ಬಾಗಿಲು ಬಡಿಯುತ್ತಿತ್ತು.

ದೇರಳಕಟ್ಟೆಯ ಡಾಕ್ಟರು ಚೀಟಿಯ ಹಿಂದೆ ಮಿದುಳು ಬಿಡಿಸಿದರು.
ಬುಡದಲ್ಲಿ ಕಪ್ಪಗೆ ಒಂದು ಚೂರು.
ಡೋಪಮಿನ್ ಅಲ್ಲಿ ಒಸರಬೇಕು, ನಿಮ್ಮದು ಬತ್ತುತ್ತಿದೆ.
ಬಿಳಿ ಮಾತ್ರೆ, ದಿನಕ್ಕೆ ಮೂರು.
ಎರಡು ತಿಂಗಳಿಗೆ ಕೈ ನಿಂತಿತು.
ವಾರಿಜ ಮಧೂರಿಗೆ ಹೋಗಿ ಅಪ್ಪ ಸೇವೆ ಮಾಡಿಸಿದಳು.

ಅಂದುಞಿಯ ಲಾಟರಿ ಸೈಕಲು ದಿನಾ ಅದೇ ಹೊತ್ತಿಗೆ ಹಾಯುತ್ತಿತ್ತು,
ಹ್ಯಾಂಡಲಿಗೆ ಕಟ್ಟಿದ ಸ್ಪೀಕರು:
ನಾಳೆಯಾಣ್, ನಾಳೆಯಾಣ್.
ಮಲಯಾಳದಲ್ಲೂ ನಾಳೆ ನಾಳೆಯೇ.
ಇಷ್ಟು ವರ್ಷ ನನಗದು ಕಾಗೆಯ ಕೂಗು,
ಈಗ ಎದೆಯೊಳಗೆ ಏನೋ ಎದ್ದು ಚಪ್ಪಲಿ ಹುಡುಕಿತು.

ಮೊದಲು ಒಂದು ಟಿಕೇಟು.
ಆಮೇಲೆ ಕೊನೆಯಂಕಿ ಏಳು ಇದ್ದದ್ದೆಲ್ಲ.
ಆಮೇಲೆ ಹೊಸಂಗಡಿ, ಬಂದ್ಯೋಡು, ಕುಂಬಳೆ,
ಅಂಗಡಿಗೆ ಅರ್ಧ ಶಟರು ಎಳೆದು.
ಗೆಲ್ಲುವ ಆಸೆ ಅಂದುಕೊಳ್ಳಬೇಡಿ.
ಒಮ್ಮೆ ಐದು ಸಾವಿರ ಬಂತು, ಬಂದ ಗಳಿಗೆಗೆ ಸಪ್ಪೆ,
ಉಪ್ಪಿಲ್ಲದ ಗಂಜಿ.
ಮೂರು ಗಂಟೆಗೆ ಮುಂಚಿನ ಐದು ನಿಮಿಷ,
ನನಗೆ ಬೇಕಿದ್ದದ್ದು ಅದು.

ವಾರಿಜಳ ಕರಿಮಣಿ ಸರ ಅಡವಿಟ್ಟ ದಿನ
ರಸೀದಿಗೆ ಸಹಿ ಹಾಕಿದೆ.
ಕೈ ನಡುಗಲಿಲ್ಲ. ಹೇಳಬೇಕಾದ್ದು ಅದೇ:
ಒಂಚೂರೂ ನಡುಗಲಿಲ್ಲ.

ಈಚೆಗೆ ಜೂಜು, ಖರೀದಿ, ಏನಾದರೂ ಮಿತಿಮೀರಿ?
ಇಲ್ಲ, ಅಂದೆ ಡಾಕ್ಟರಿಗೆ.
ವಾರಿಜ ಚೀಲದಿಂದ ಹಳೆಯ ವಾಚಿನ ಡಬ್ಬ ತೆಗೆದು
ಮೇಜಿನ ಮೇಲೆ ಕವುಚಿದಳು.
ತಾರೀಖಿನ ಪ್ರಕಾರ ಜೋಡಿಸಿ ರಬ್ಬರು ಹಾಕಿದ ಕಟ್ಟುಗಳು;
ಕೆಲಸದಲ್ಲಿ ನಾನು ಯಾವತ್ತೂ ಅಚ್ಚುಕಟ್ಟು.
ಡಾಕ್ಟರು ಬೈಯಲಿಲ್ಲ.
ಇದು ನೀವಲ್ಲ, ಮಾತ್ರೆ, ಅಂದರು.

ಬಸ್ಸು ತಲಪಾಡಿ ದಾಟುವವರೆಗೂ ಅದೇ ಯೋಚನೆ.
ವಾಚಿಗೆ ಸ್ಪ್ರಿಂಗು ಒಂದೇ ಸಾಲದು,
ಅದರ ಬಿಗುವನ್ನು ತಡೆತಡೆದು ಬಿಡುವ
ಅಕ್ಕಿನುಚ್ಚಿನಷ್ಟು ಕೊಕ್ಕೆ ಇರುತ್ತದೆ.
ಟಿಕ್ ಅನ್ನುವುದು ಕಾಲವಲ್ಲ, ಆ ತಡೆ.
ಕೊಕ್ಕೆ ತೆಗೆದು ನೋಡಿ,
ಇಡೀ ದಿನದ ಕೀಲಿ ಗಿರ್ರನೆ ತಿರುಗಿ ಮುಗಿಯುತ್ತದೆ.
ವಾಚನ್ನು ಯಾರು ದೂರುತ್ತಾರೆ?
ಸಮಾಧಾನವಾಯಿತು, ಕುಂಜತ್ತೂರಿನವರೆಗೆ.
ಆಮೇಲೆ ಹೊಳೆಯಿತು:
ವಾಚು ಯಾರ ಕರಿಮಣಿಯನ್ನೂ ಒಯ್ಯುವುದಿಲ್ಲ.

ಈಗ ಬೇರೆ ಮಾತ್ರೆ. ಕೈ ಅರೆವಾಸಿ ಮರಳಿದೆ.
ಅಂದುಞಿ ಹಾಯುತ್ತಾನೆ; ಮತ್ತೆ ಕಾಗೆ.
ಬೇಕು ಅನಿಸುತ್ತದಾ, ಕೇಳುತ್ತಾಳೆ ವಾರಿಜ.
ಇಲ್ಲ. ನಿಜ.
ಬಂಗುಡೆಯೂ ಬೇಕು ಅನಿಸುವುದಿಲ್ಲ, ಅದನ್ನು ಹೇಳಲಿಲ್ಲ.
ಮೂರು ಗಂಟೆ ಆಗುತ್ತದೆ, ಅಷ್ಟೆ.
ಅವಳ ಬರಿಗೊರಳು ನೋಡದೆ ಚಾ ಎತ್ತುತ್ತೇನೆ,
ಸಾಸರಿನ ಮೇಲೆ ಲೋಟ
ನನ್ನ ಪರವಾಗಿ ಏನೋ ಹೇಳುತ್ತ, ಲಟಲಟ.