ಒಂದು ರೂಪಾಯಿ ಚಿಲ್ಲರೆ

ಮೂರು ದಿನಕ್ಕೊಂದು ಸಂಜೆ ನಾನು ಮನೆಗೆ ಸಿಗುತ್ತೇನೆ.
ಚಿಂತಾಮಣಿ ಡಿಪೋದಲ್ಲಿ ಲೆಕ್ಕ ಒಪ್ಪಿಸಿ,
ನಾಣ್ಯದ ಕಪ್ಪು ಬೆರಳಿಂದ ತೊಳೆದು,
ಟಿಕೆಟ್ ಮೆಷಿನ್ನಿನ ಮುಗಿದ ಸುರುಳಿಗಳ
ಖಾಲಿ ಕೊಳವೆಗಳನ್ನು ಜೇಬಿಗೆ ಹಾಕಿಕೊಂಡು.

ನಾಲ್ಕು ಕೊಳವೆಗೆ ಒಂದು ಬಸ್ಸು.
ಉರಿದುಳಿದ ಊದುಬತ್ತಿ ಕಡ್ಡಿಯ ಅಚ್ಚು,
ಮೇಲೊಂದು ಬೆಂಕಿಪೊಟ್ಟಣ.
ಲಿಖಿತ ನಾಲಿಗೆ ಕಚ್ಚಿಕೊಂಡು ಬೋರ್ಡು ಬರೆಯುತ್ತಾನೆ:
ಚಿಂತಾಮಣಿಯಿಂದ ಚಂದ್ರಲೋಕ. ತಡೆರಹಿತ.

ಇದು ಹುಣಿಸೆಯ ಕಾಲ.
ನಡುಮನೆಯಲ್ಲಿ ಕಾಲಿಡಲು ಜಾಗವಿಲ್ಲ,
ಕಿಲೋ ಲೆಕ್ಕಕ್ಕೆ ಅಮ್ಮ ಬಿಡಿಸಿಕೊಡುವ ಮಂಡಿಯ ಚೀಲಗಳು.
ಹಣ್ಣು ಮಂಡಿಯವನದು,
ಸಿಪ್ಪೆ ನಮ್ಮ ನೀರೊಲೆಯದು.
ಬೀಜ?
ಬೀಜವನ್ನೂ ಅವನು ತೂಗಿಯೇ ಒಯ್ಯುತ್ತಾನೆ.
ಆದರೆ ನಾಲ್ಕು ಕಡಿಮೆ ಬಂದರೆ
ಯಾವ ತಕ್ಕಡಿಗೂ ಗೊತ್ತಾಗುವುದಿಲ್ಲ.

ಆ ನಾಲ್ಕನ್ನು ಹೊಸ್ತಿಲಾಚೆಯ ಕಲ್ಲಿಗೆ
ಒಂದು ಮಗ್ಗುಲು ಬೆಳ್ಳಗಾಗುವ ತನಕ ತೇಯುತ್ತಾರೆ.
ತೇಯ್ದು ತೇಯ್ದು ಕಾದ ಬೀಜವನ್ನು
ಚಾರ್ವಿ ಬೆಕ್ಕಿನ ಹಾಗೆ ಬಂದು
ನನ್ನ ಮೊಣಕೈಗೆ ಒತ್ತುತ್ತಾಳೆ.
ಸುರುಕ್!
ಕಿರುಚುತ್ತೇನೆ,
ಕಲಿಸಿಕೊಟ್ಟವನು ನಾನೇ ಎಂಬುದು ಮರೆತು.

ನಾಗವೇಣಿ ಸೀಮೆಸುಣ್ಣ ಹಿಡಿದರೆ ಗೆರೆ ಅಲುಗದು.
ಅಡ್ಡ ಐದು ಮನೆ, ಉದ್ದ ಐದು ಮನೆ,
ಕಟ್ಟೆಗಳಿಗೆಲ್ಲ ಗುಣಾಕಾರದ ಗುರುತು.
ಅವಳ ಕಾಯಿ ಒಡೆದ ಬಳೆಯ ಚೂರು.
ಲಿಖಿತನದು ಕಡಲೆಕಾಯಿ ಸಿಪ್ಪೆ.
ನಮ್ಮದು ಟಿಕೆಟ್ ಕಾಗದದ ಉಂಡೆ, ಯಾರಾದರೂ ಸೀನಿದರೆ
ಎರಡು ಮನೆ ತಾನೇ ಮುಂದೆ ಹೋಗುತ್ತದೆ.
ನಮ್ಮದು ಎಂದರೆ, ಚಾರ್ವಿ ನನ್ನ ಪಾಲುದಾರಳು:
ಗರ ಹಾಕುವುದು ನಾನು, ನಡೆಸುವುದು ಅವಳು,
ಸೋತರೆ ತಪ್ಪು ನನ್ನದು.
ಅಮ್ಮನವು ಅಡಿಕೆ ಹೋಳು.
ಹಣ್ಣಾದ ಕಾಯಿಯನ್ನು ಬಾಯಿಗೆ ಹಾಕಿಕೊಂಡುಬಿಡುತ್ತಾಳೆ,
ಆಮೇಲೆ ಯಾರೂ ಲೆಕ್ಕ ಕೇಳುವಂತಿಲ್ಲ.

ಲಿಖಿತನ ಕೊನೆಯ ಸಿಪ್ಪೆಗೆ
ಹಣ್ಣಾಗಲು ಒಂದೇ ಮನೆ ಬಾಕಿ ಇತ್ತು.
ಅಮ್ಮ ಬೀಜಗಳನ್ನು ಅಂಗೈಯಲ್ಲಿ ಗಲಗಲಿಸಿ ಬಿಟ್ಟಳು.
ಚೌಕ.
ಮತ್ತೆ ಗರ. ಮೂರು.
ಕಡಿ.

ಹುಡುಗನ ತುಟಿ ನಡುಗಿತು.
"ಬಿಡಮ್ಮ, ಮಗು ಅದು" ಅಂದೆ.
ಅವಳು ತಲೆ ಎತ್ತಲಿಲ್ಲ:
"ಟಿಕೆಟ್ ಇಲ್ದೋನನ್ನ ನೀನು ಬಿಡ್ತೀಯಾ?"

ಅವನು ನಮಗೆ ಬೆನ್ನು ಹಾಕಿ ಕೂತ.
ಒಂದು ಸುತ್ತು ಹೋಯಿತು. ಎರಡು ಸುತ್ತು.
ಮೂರನೆಯದಕ್ಕೆ,
ಬೆನ್ನು ತಿರುಗಿಸಿಕೊಂಡೇ,
ಕೈಯನ್ನು ಮಾತ್ರ ಹಿಂದಕ್ಕೆ ಚಾಚಿದ:
ಬೀಜ ಕೊಡಿ.

ಬೆಳಿಗ್ಗೆ ಐದೂ ನಲವತ್ತರ ಮದನಪಲ್ಲಿ ಗಾಡಿ.
ರುಮಾಲಿನ ಮುದುಕರೊಬ್ಬರಿಗೆ ಒಂದು ರೂಪಾಯಿ ಬಾಕಿ.
ಚರ್ಮದ ಚೀಲದ ತಳ ತಡಕಿದರೆ
ಬೆರಳಿಗೆ ಸಿಕ್ಕಿದ್ದು ಒಂದು ಬೀಜ, ತಣ್ಣಗೆ.
ಯಾರು ಬಚ್ಚಿಟ್ಟರೋ.
ಮೂರೇ ಬೀಜದಲ್ಲಿ ಅವ್ವನಿಗೆ ಇನ್ನು ಚೌಕ ಬೀಳದು
ಎಂದು ಗೊತ್ತಿದ್ದವರು ಯಾರೋ.

ನಗಲಿ ಎಂದು ಅದನ್ನೇ ಅವರ ಅಂಗೈಯಲ್ಲಿಟ್ಟೆ.
ನಗಲಿಲ್ಲ.
ಕಿಟಕಿಯ ಬೆಳಕಿಗೆ ಹಿಡಿದರು,
ಹೆಬ್ಬೆರಳಲ್ಲಿ ಸವರಿದರು.
"ಒಂದು ಪಕ್ಕ ದಪ್ಪ ಉಳ್ಕೊಂಡೈತೆ.
ಇನ್ನಷ್ಟು ತೇಯ್ಬೇಕಿತ್ತು ಕಣಪ್ಪ."

ಇಳಿಯುವಾಗ ರೂಪಾಯಿ ಕೇಳಲಿಲ್ಲ.
ಬೀಜವನ್ನು ವಾಪಸ್ಸೂ ಕೊಡಲಿಲ್ಲ.
ರೈಟ್ ಅಂದೆ.

ಮನೆಯಲ್ಲೀಗ ಮೂರು.
ನಾನು ಮತ್ತೆ ಸಿಗಲು ಎರಡು ದಿನ.
ಅಷ್ಟರಲ್ಲಿ ಮಂಡಿಯವನ ತಕ್ಕಡಿಗೆ
ಇನ್ನೊಂದು ಕಡಿಮೆ.